ಕಾಡಿನ ಬೆಂಕಿ ಬರೀ ಇಲಾಖೆಯ ಕೆಲಸವೇ?

ಫೆಬ್ರವರಿ ಬಂತು ಅಂದ್ರೆ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಬೆಂಕಿಯ ವಿಡಿಯೋಗಳು ಶುರುವಾಗುತ್ತವೆ. ಒಂದು ದಿನ ಚಾರ್ಮಾಡಿ ಕಡೆಯದ್ದು, ಇನ್ನೊಂದು ದಿನ ಬಂಡೀಪುರದ್ದು, ಮತ್ತೊಂದು ದಿನ ನಮ್ಮ ಸಿರ್ಸಿ ಸೀಮೆಯದ್ದೇ ಯಾವುದೋ ಬೆಟ್ಟ. ಕೆಳಗೆ ಬರುವ ಮಾತುಗಳು ಮಾತ್ರ ಪ್ರತಿ ವರ್ಷ ಅವೇ. "ಹಚ್ಚಿದವರನ್ನ ಹಿಡಿದು ಒಳಗೆ ಹಾಕಿ." "ಅರಣ್ಯ ಇಲಾಖೆ ಏನು ಮಾಡ್ತಾ ಇದೆ?" ಇವೆರಡನ್ನು ಬಿಟ್ಟು ಬೇರೆ ಮಾತು ಬರುವುದು ಬಹಳ ಕಡಿಮೆ. ಮೊದಲ ಮಳೆ ಬಿದ್ದ ಮೇಲೆ ಎಲ್ಲರೂ ಮರೆತುಬಿಡುತ್ತಾರೆ.

ನಾನಿರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್‌ನ ಪೂರ್ವಕ್ಕೆ, ಡ್ಯಾಂಡೆನಾಂಗ್ ಬೆಟ್ಟಗಳ ತಪ್ಪಲಿನಲ್ಲಿ. ಪ್ರಪಂಚದಲ್ಲಿ ಕಾಡಿನ ಬೆಂಕಿಯ ಅಪಾಯ ಅತಿ ಜಾಸ್ತಿ ಇರುವ ಜಾಗಗಳಲ್ಲಿ ಇದೂ ಒಂದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿಯ ಬೆಂಕಿಯ ಚಿಂತೆ, ಅದು ಮುಗಿಯುತ್ತಿದ್ದಂತೆ ಊರಿನ ಬೆಂಕಿಯ ಚಿಂತೆ. ಎರಡನ್ನೂ ವರ್ಷಾನುಗಟ್ಟಲೆ ನೋಡುತ್ತಾ ಬಂದಿದ್ದರಿಂದ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಇಲ್ಲಿಯ ಜನ ಬೆಂಕಿಯನ್ನು ತಮ್ಮ ಕೆಲಸ ಅಂದುಕೊಂಡಿದ್ದಾರೆ. ನಮ್ಮಲ್ಲಿ ಕಾಡಂಚಿನ ಜನರನ್ನು ಆ ಕೆಲಸದಿಂದ ದೂರ ಇಟ್ಟು, ಆಮೇಲೆ ಅವರ ಮೇಲೇ ಅನುಮಾನ ಪಡುತ್ತೇವೆ. ದುಡ್ಡು, ಹೆಲಿಕಾಪ್ಟರ್, ಯಂತ್ರ ಇವೆಲ್ಲದರ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಇದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಎರಡೂ ಕಡೆಯ ಬೆಂಕಿ ಒಂದೇ ಥರ ಅಲ್ಲ. ಇಲ್ಲಿಯ ನೀಲಗಿರಿ ಮರಗಳ ಎಲೆಯಲ್ಲಿ ಎಣ್ಣೆ ಇದೆ. ಕಾಂಡದಿಂದ ಉದ್ದುದ್ದ ತೊಗಟೆ ಸುಲಿದು ನೇತಾಡುತ್ತಾ ಇರುತ್ತದೆ, ಉರಿ ಹತ್ತಿದ ತೊಗಟೆ ಗಾಳಿಯಲ್ಲಿ ಹಾರಿ ಕಿಲೋಮೀಟರ್‌ಗಟ್ಟಲೆ ಮುಂದೆ ಹೋಗಿ ಬಿದ್ದು ಅಲ್ಲಿ ಹೊಸ ಬೆಂಕಿ ಹುಟ್ಟಿಸುತ್ತದೆ. ನಮ್ಮ ಎಲೆ ಉದುರುವ ಕಾಡುಗಳಲ್ಲಿ ಬಹಳ ಸಲ ಬೆಂಕಿ ನೆಲ ಹಿಡಿದು ಹೋಗುತ್ತದೆ. ತರಗು, ಹುಲ್ಲು, ಪೊದೆ ಸುಡುತ್ತದೆ. ಮನೆಗಳು ಸುಡುವುದು ಅಪರೂಪ. ಹಾಗಾಗಿ ಇಲ್ಲಿಯ ನಿಯಮಗಳನ್ನು ಎತ್ತಿಕೊಂಡು ಹೋಗಿ ಅಲ್ಲಿ ಇಡಿ ಅಂತ ನಾನು ಹೇಳುತ್ತಿಲ್ಲ. ಜನರ ಧೋರಣೆ ಹೇಗಿದೆ, ಅದು ಹೇಗೆ ಹಾಗಾಯಿತು, ನನಗೆ ಮುಖ್ಯ ಅನಿಸಿದ್ದು ಅದು.

ಇಲ್ಲಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಬೇಸಿಗೆಯ ತಯಾರಿ ಶುರು. ಕೌನ್ಸಿಲ್‌ನವರು, ಅಂದರೆ ನಮ್ಮ ಪುರಸಭೆ ಥರ, ಖಾಲಿ ಸೈಟು, ಹಿತ್ತಲು ಎಲ್ಲ ನೋಡಿಕೊಂಡು ಬರುತ್ತಾರೆ. ಹುಲ್ಲು ಬೆಳೆದಿದ್ದರೆ ಮನೆಗೆ ನೋಟಿಸ್ ಬರುತ್ತದೆ. ಇಂಥ ತಾರೀಖಿನ ಒಳಗೆ ಹುಲ್ಲನ್ನು 10 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಸಿ, ಒಣ ಕೊಂಬೆ ರಾಶಿ ತೆಗೆಯಿರಿ, ಇಲ್ಲದಿದ್ದರೆ ನಾವೇ ಆಳು ಕಳಿಸಿ ತೆಗೆಸುತ್ತೇವೆ, ಖರ್ಚು ನಿಮ್ಮದು, ದಂಡ ಬೇರೆ. ಬಂದ ಹೊಸದರಲ್ಲಿ ಇದು ಅತಿರೇಕ ಅನಿಸುವುದು ಸಹಜ. ನಮ್ಮ ಜಾಗ, ನಮ್ಮ ಹುಲ್ಲು, ಇವರಿಗೇನು ಅಂತ. ಆದರೆ ನನ್ನ ಹಿತ್ತಲಿನ ಹುಲ್ಲಿಗೆ ಹತ್ತಿದ ಬೆಂಕಿ ಪಕ್ಕದವರ ಮನೆಯ ಡೆಕ್ಕಿಗೆ, ಅಂದರೆ ಮರದ ಹಲಗೆಯ ಜಗಲಿಗೆ, ಹೋಗುತ್ತದೆ, ಅಲ್ಲಿಂದ ಅವರ ಪಕ್ಕದವರಿಗೆ. ಇದನ್ನ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ವಾರಾಂತ್ಯ ಬೀದಿಯ ತುಂಬಾ ಹುಲ್ಲು ಕತ್ತರಿಸುವ ಯಂತ್ರಗಳ ಸದ್ದು. ಏಣಿ ಹಾಕಿಕೊಂಡು ಮಾಡಿನ ಅಂಚಿನ ದೋಣಿಯಲ್ಲಿ ಸೇರಿದ ಒಣ ಎಲೆ ತೆಗೆಯುತ್ತಾರೆ. ಬಹಳ ಮನೆಗಳು ಹೊತ್ತಿಕೊಳ್ಳುವುದು ದೊಡ್ಡ ಜ್ವಾಲೆ ತಾಗಿ ಅಲ್ಲ, ಹಾರಿ ಬಂದ ಕಿಡಿ ಇಂಥ ಎಲೆ ರಾಶಿಗೆ ಬಿದ್ದು.

ಆಮೇಲೆ ರಸ್ತೆ ಬದಿಯ ಬೋರ್ಡು. ಅರ್ಧ ಚಕ್ರದ ಆಕಾರದಲ್ಲಿ ಹಸಿರು, ಹಳದಿ, ಕಿತ್ತಳೆ, ಕಡುಗೆಂಪು. ಇವತ್ತಿನ ಅಪಾಯ ಎಷ್ಟು ಅಂತ ಮುಳ್ಳು ತೋರಿಸುತ್ತದೆ. 2022ರ ಸೆಪ್ಟೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ಪದ್ಧತಿ ಮಾಡಿ ನಾಲ್ಕೇ ಹಂತ ಇಟ್ಟಿದ್ದಾರೆ. ಕೊನೆಯ ಹಂತದ ದಿನ ಆ ಪ್ರದೇಶದ ಕಾಡಂಚಿನ ಶಾಲೆಗಳಿಗೆ ರಜೆ. ಅವತ್ತು ಬೆಂಕಿ ಕಾಣುವವರೆಗೆ ಕಾಯಬೇಡಿ, ಹಿಂದಿನ ರಾತ್ರಿಯೇ ಅಥವಾ ಬೆಳಿಗ್ಗೆ ಬೇಗ ಪೇಟೆ ಕಡೆ ಹೋಗಿಬಿಡಿ ಅಂತಾರೆ. ನನ್ನ ಬೀದಿಯಲ್ಲಿ ಎಷ್ಟೋ ಜನ ನಿಜವಾಗಿಯೂ ಹೋಗುತ್ತಾರೆ. ಬೆಂಕಿಯೇ ಬೀಳದ ದಿನವೂ ಹೋಗುತ್ತಾರೆ, ವಾಪಸ್ ಬರುತ್ತಾರೆ, "ಸುಮ್ನೆ ಓಡಿಸಿದ್ರು" ಅಂತ ಗೊಣಗುವವರು ಕಡಿಮೆ.

ಬೇಸಿಗೆಗೆ ಮುಂಚೆ ಇಲ್ಲಿಯ ಅಗ್ನಿಶಾಮಕ ಶೆಡ್ಡಿನಲ್ಲಿ ಒಂದು ಸಭೆ ಮಾಡುತ್ತಾರೆ. ನಾನು ಹೋದ ಸಲ ಅದನ್ನು ನಡೆಸಿದ್ದು ನಿವೃತ್ತ ಶಾಲಾ ಟೀಚರ್ ಒಬ್ಬರು, ಸ್ವಯಂಸೇವಕಿ. ಮೇಜಿನ ಮೇಲೆ ನಮ್ಮ ಬೀದಿಗಳ ದೊಡ್ಡ ನಕ್ಷೆ ಹರಡಿದ್ದರು. ಒಬ್ಬೊಬ್ಬರನ್ನೇ ಕರೆದು, ನಿಮ್ಮ ಮನೆ ಎಲ್ಲಿ, ತೋರಿಸಿ ಅಂದರು. ಯಾವ ರಸ್ತೆಯಲ್ಲಿ ಹೋಗುತ್ತೀರಿ? ಆ ರಸ್ತೆಗೆ ಮರ ಅಡ್ಡ ಬಿದ್ದರೆ? ಮಧ್ಯಾಹ್ನ ನೀವು ಆಫೀಸಿನಲ್ಲಿ ಇದ್ದರೆ ಮಕ್ಕಳನ್ನ ಯಾರು ಕರೆದುಕೊಂಡು ಹೊರಡುತ್ತಾರೆ? ಪಕ್ಕದ ಮನೆಯ ಅಜ್ಜಿಗೆ ಕಾರು ಇದೆಯಾ? ಒಬ್ಬರು "ನನ್ನ ಕುದುರೆ ಬಿಟ್ಟು ಹೋಗಲ್ಲ" ಅಂದರು. ಆ ಟೀಚರ್ ನಗಲಿಲ್ಲ, ಬೈಯಲಿಲ್ಲ. ಹಾಗಾದ್ರೆ ಕುದುರೆ ಗಾಡಿಗೆ ಹತ್ತಿಸಲು ಎಷ್ಟು ಹೊತ್ತು ಬೇಕು, ಅಷ್ಟು ಮುಂಚೆ ಹೊರಡುವ ಲೆಕ್ಕ ಹಾಕೋಣ ಅಂದರು. ಅಲ್ಲಿ ಇಲಾಖೆಯವರು ಜನರಿಗೆ ಭಾಷಣ ಮಾಡುವುದು ಇರಲಿಲ್ಲ. ಊರಿನವರೇ ಊರಿನವರ ಜೊತೆ ಕೂತು ಮಾತಾಡುವುದಿತ್ತು.

ಯಾಕೆಂದರೆ ವಿಕ್ಟೋರಿಯಾದ ಹಳ್ಳಿಗಾಡಿನಲ್ಲಿ ಬೆಂಕಿ ಆರಿಸುವವರು ಬಹುತೇಕ ಸ್ವಯಂಸೇವಕರು. ಕಂಟ್ರಿ ಫೈರ್ ಅಥಾರಿಟಿ ಅಂತ ಅದರ ಹೆಸರು, ಎಲ್ಲರೂ ಸಿಎಫ್‌ಎ ಅಂತಾರೆ. ಸುಮಾರು 1,200 ಬ್ರಿಗೇಡ್‌ಗಳು, 50 ಸಾವಿರಕ್ಕೂ ಜಾಸ್ತಿ ಸ್ವಯಂಸೇವಕರು. ರೈತ, ಪ್ಲಂಬರ್, ನರ್ಸ್, ಅಂಗಡಿಯವನು. ಪೇಜರ್ ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಲಾರಿ ಓಡಿಸುವುದು, ಪಂಪು ನಡೆಸುವುದು, ಗಾಳಿ ತಿರುಗಿದಾಗ ಎಲ್ಲಿ ನಿಲ್ಲಬಾರದು ಅನ್ನುವುದು, ಎಲ್ಲಕ್ಕೂ ತರಬೇತಿ ಇದೆ. ಬೆಂಕಿ ಅಂದರೆ ಏನು ಅಂತ ಕಣ್ಣಾರೆ ಕಂಡ ಒಬ್ಬರಾದರೂ ಪ್ರತಿ ಬೀದಿಯಲ್ಲಿ ಇದ್ದಾಗ ಜನರ ಮಾತಿನ ಧಾಟಿಯೇ ಬೇರೆ ಆಗುತ್ತದೆ.

ಇದೆಲ್ಲ ಸುಮ್ಮನೆ ಬಂದಿದ್ದಲ್ಲ. ಬಹಳ ಜನ ಸತ್ತು ಬಂದಿದ್ದು. 1939ರ ಜನವರಿ 13, ಕಪ್ಪು ಶುಕ್ರವಾರ, 71 ಜನ ಸತ್ತರು. ನ್ಯಾಯಾಧೀಶ ಸ್ಟ್ರೆಟನ್ ಅವರ ತನಿಖಾ ಆಯೋಗ ಕೂತಿತು. ಈ ಬೆಂಕಿಗಳನ್ನು ಹಚ್ಚಿದ್ದು ಮನುಷ್ಯನ ಕೈ ಅಂತ ಅವರೂ ಬರೆದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಯಾಕೆ ಹಚ್ಚಿದರು, ಮರದ ಮಿಲ್ಲುಗಳಲ್ಲಿ ಕೆಲಸ ಮಾಡುವವರಿಗೆ ಓಡಿಹೋಗಲು ಜಾಗ ಯಾಕೆ ಇರಲಿಲ್ಲ, ಅರಣ್ಯದವರಿಗೂ ರೈತರಿಗೂ ಯಾಕೆ ಹೊಂದಾಣಿಕೆ ಇಲ್ಲ, ಎಲ್ಲ ಕೇಳಿದರು. ಹಳ್ಳಿಗಾಡಿನ ಬೆಂಕಿಗೆ ಒಂದೇ ಸಂಸ್ಥೆ ಬೇಕು ಅನ್ನುವ ಮಾತು ಬಂದಿದ್ದು ಅಲ್ಲಿಂದ. 1944ರಲ್ಲಿ ಮತ್ತೆ ದೊಡ್ಡ ಬೆಂಕಿ ಬಿದ್ದ ಮೇಲೆ, 1945ರಲ್ಲಿ ಸಿಎಫ್‌ಎ ಶುರುವಾಯಿತು.

ನನ್ನ ಮನೆಯಿಂದ ಸ್ವಲ್ಪ ದೂರದಲ್ಲಿ ಕಾಕಟೂ ಅಂತ ಒಂದು ಊರಿದೆ. 1983ರ ಫೆಬ್ರವರಿ 16ರ ರಾತ್ರಿ ಆ ಊರಿಗೆ ಬೆಂಕಿ ನುಗ್ಗಿತು. ಸುಮಾರು 300 ಜನ, ಅದರಲ್ಲಿ ನೂರಕ್ಕೂ ಹೆಚ್ಚು ಮಕ್ಕಳು, ಅಲ್ಲಿಯ ಶಿಶುವಿಹಾರದ ಕಟ್ಟಡದೊಳಗೆ ಸೇರಿಕೊಂಡರು. ಕೆಲವರು ಮಾಡಿನ ಮೇಲೆ ಹತ್ತಿ, ಬೀಳುವ ಕಿಡಿಗಳನ್ನು ಒದ್ದೆ ಬಟ್ಟೆಯಿಂದ ಬಡಿದು ಆರಿಸುತ್ತಾ ಕಟ್ಟಡ ಉಳಿಸಿದರು. ಹೊರಗೆ ನೂರಾರು ಮನೆ ಸುಟ್ಟವು, ಒಳಗಿದ್ದವರು ಬದುಕಿದರು. ಆ ಕಟ್ಟಡವನ್ನು ಇವತ್ತು ಸ್ಮಾರಕವಾಗಿ ಇಟ್ಟುಕೊಂಡಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಆಮೇಲೆ 2009ರ ಫೆಬ್ರವರಿ 7. ಕಪ್ಪು ಶನಿವಾರ. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. ಉತ್ತರದಿಂದ ಬಿಸಿಗಾಳಿ ಬೀಸಿ ಬೆಂಕಿಯನ್ನು ಉದ್ದಕ್ಕೆ ಎಳೆಯಿತು. ಸಂಜೆ ನೈಋತ್ಯದಿಂದ ತಂಪು ಗಾಳಿ ಬಂತು. ತಂಪು ಗಾಳಿ ಅಂದರೆ ಒಳ್ಳೆಯದು ಅಂದುಕೊಳ್ಳುತ್ತೇವೆ ಅಲ್ವಾ? ಅದು ಬೆಂಕಿಯ ಉದ್ದನೆಯ ಪಕ್ಕೆಯನ್ನೇ ಮುಂಭಾಗ ಮಾಡಿಬಿಟ್ಟಿತು. 173 ಜನ ಸತ್ತರು. ಅವರಲ್ಲಿ 113 ಜನ ಸತ್ತಿದ್ದು ಮನೆಗಳ ಒಳಗೆ. ಅಲ್ಲಿವರೆಗೆ ಇಲ್ಲಿಯ ಸಲಹೆ ಏನಿತ್ತು ಅಂದರೆ, ತಯಾರಾಗಿದ್ದರೆ ಮನೆಯಲ್ಲಿ ನಿಂತು ಕಾಪಾಡಿಕೊಳ್ಳಿ, ಇಲ್ಲವಾದರೆ ಬೇಗ ಹೊರಡಿ. ವರ್ಷಗಳಿಂದ ಜನ ನಂಬಿದ್ದ ಸಲಹೆ ಅದು. ಈ ಬೆಂಕಿಗೂ ಒಂದು ತನಿಖಾ ಆಯೋಗ ಕೂತಿತು, 155 ದಿನ ವಿಚಾರಣೆ ನಡೆಸಿತು. ಅಧಿಕಾರಿಗಳ ಜೊತೆ, ಮನೆ ಕಳೆದುಕೊಂಡವರು, ಗಂಡ ಹೆಂಡತಿ ಮಕ್ಕಳನ್ನು ಕಳೆದುಕೊಂಡವರು ಬಂದು ಕೂತು ಹೇಳಿದರು. 2010ರ ಜುಲೈನಲ್ಲಿ 67 ಶಿಫಾರಸುಗಳ ವರದಿ ಬಂತು. ಬೇಗ ಹೊರಡುವುದೇ ಅತಿ ಸುರಕ್ಷಿತ ಅಂತ ಸಲಹೆ ಬದಲಾಯಿತು. ಎಚ್ಚರಿಕೆ ಕೊಡುವ ರೀತಿ ಬದಲಾಯಿತು, ಮನೆ ಕಟ್ಟುವ ನಿಯಮ ಬದಲಾಯಿತು. ಅತಿ ಹೆಚ್ಚು ಜನರನ್ನು ಕೊಂದ ಕಿಲ್ಮೋರ್ ಈಸ್ಟ್ ಬೆಂಕಿ ಒಂದು ಹಳೇ ವಿದ್ಯುತ್ ತಂತಿ ಹರಿದು ಶುರುವಾಗಿದ್ದು ಅಂತ ಗೊತ್ತಾಯಿತು. ಅಂದರೆ ಬೆಂಕಿ ಹಚ್ಚಿದ ದುಷ್ಟನೊಬ್ಬನನ್ನು ಹುಡುಕುತ್ತಾ ಕೂತಿದ್ದರೆ ಆ ತಂತಿಯ ಕಡೆ ಯಾರೂ ನೋಡುತ್ತಿರಲಿಲ್ಲ.

ಹಾಗಂತ ಇಲ್ಲಿಯ ಜನ ಎಲ್ಲದಕ್ಕೂ ಒಪ್ಪುತ್ತಾರೆ ಅಂತ ಅಲ್ಲ. ಜಗಳ ಬಹಳ ಇದೆ. ಆ 67 ಶಿಫಾರಸುಗಳಲ್ಲಿ ಒಂದು, ಸರ್ಕಾರಿ ಕಾಡಿನ ನೂರಕ್ಕೆ 5ರಷ್ಟನ್ನು ಪ್ರತಿ ವರ್ಷ ಯೋಜನೆ ಮಾಡಿ ಸುಡಬೇಕು ಅಂತ. ತಂಪು ಹವೆಯಲ್ಲಿ, ಸಣ್ಣ ಉರಿಯಲ್ಲಿ ತರಗು, ಪೊದೆ ಸುಟ್ಟರೆ ಬೇಸಿಗೆಯ ದೊಡ್ಡ ಬೆಂಕಿಗೆ ತಿನ್ನಲು ಕಡಿಮೆ ಸಿಗುತ್ತದೆ. ಕೇಳಲು ಸರಿ. ಆದರೆ ಎಕರೆ ಲೆಕ್ಕ ತುಂಬಿಸುವುದೇ ಗುರಿ ಆದರೆ, ಊರಿಂದ ದೂರದ, ಸುಡಲು ಸುಲಭವಾದ ಕಾಡನ್ನು ಸುಟ್ಟು ಲೆಕ್ಕ ತೋರಿಸಬಹುದು, ಊರ ಪಕ್ಕದ ಕಷ್ಟದ ಜಾಗ ಹಾಗೇ ಉಳಿಯಬಹುದು. ಈ ಟೀಕೆ ಬಂತು. ಕೆಲವು ವರ್ಷ ಆದ ಮೇಲೆ ಆ ಗುರಿ ಬಿಟ್ಟು, ಜನ ಮತ್ತು ಮನೆಗಳಿಗೆ ಇರುವ ಅಪಾಯ ಎಷ್ಟು ಇಳಿಯಿತು ಅನ್ನುವ ಲೆಕ್ಕಕ್ಕೆ ಬಂದರು. ಹೊಗೆಯ ಜಗಳ ಇನ್ನೊಂದು. ಸುಡಲು ಒಳ್ಳೆಯ ಹವೆ ಸಿಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ದ್ರಾಕ್ಷಿ ಕೊಯ್ಲು ನಡೆಯುವುದೂ ಅದೇ ಹೊತ್ತಿಗೆ. ಹೊಗೆ ಕೂತರೆ ಇಡೀ ವರ್ಷದ ವೈನ್ ಹಾಳು. ಅಸ್ತಮಾ ಇರುವವರ ಕಷ್ಟ ಬೇರೆ. "ಸುಡಬೇಕು, ಆದರೆ ನಮ್ಮ ಕಡೆ ಹೊಗೆ ಬರಬಾರದು" ಅನ್ನುವವರು ನನ್ನ ಬೀದಿಯಲ್ಲೂ ಇದ್ದಾರೆ. ಮರ ಕಡಿಯುವ ವಿಷಯದಲ್ಲಂತೂ ನೆರೆಹೊರೆಯವರ ಮಧ್ಯೆಯೇ ಮಾತು ನಿಂತಿದ್ದು ನೋಡಿದ್ದೇನೆ. ಕಾಡಂಚಿನ ಹಳೇ ಮನೆಗಳ ಸುತ್ತ 10 ಮೀಟರ್ ಒಳಗಿನ ಮರ, 30 ಮೀಟರ್ ಒಳಗಿನ ಪೊದೆ ತೆಗೆಯಲು ಬಹಳ ಕಡೆ ಪರವಾನಗಿ ಬೇಕಿಲ್ಲ. ಆದರೆ ಜನ ಈ ಬೆಟ್ಟಕ್ಕೆ ಬಂದಿದ್ದೇ ಆ ಮರಗಳಿಗೋಸ್ಕರ.

2015ರ ಅಕ್ಟೋಬರ್‌ನಲ್ಲಿ ಲ್ಯಾನ್ಸ್‌ಫೀಲ್ಡ್ ಕಡೆ ಇಲಾಖೆಯೇ ಹಚ್ಚಿದ ಬೆಂಕಿ ಕೈಮೀರಿತು. ಸುಮಾರು 3,000 ಹೆಕ್ಟೇರ್ ಸುಟ್ಟಿತು, 4 ಮನೆ ಹೋದವು. ಜನ ಸಿಟ್ಟಾದರು, ಆಗಲೇಬೇಕಲ್ಲ. ಹೊರಗಿನವರಿಂದ ತನಿಖೆ ಆಯಿತು. ಯೋಜನೆ ಸರಿ ಇರಲಿಲ್ಲ, ಕಾವಲಿಗೆ ಸಾಕಷ್ಟು ಜನ, ಸಾಮಗ್ರಿ ಇರಲಿಲ್ಲ ಅಂತ ವರದಿ ನೇರವಾಗಿ ಹೇಳಿತು, ಆ ವರದಿಯನ್ನು ಎಲ್ಲರಿಗೂ ಸಿಗುವಂತೆ ಇಟ್ಟರು. ನಂಬಿಕೆ ಅನ್ನುವುದು ತಪ್ಪೇ ಆಗದೇ ಇರುವುದರಿಂದ ಬರಲ್ಲ. ತಪ್ಪಾದಾಗ ಮುಚ್ಚಿಡದೆ ಹೇಳಿದ್ದರಿಂದಲೇ ಆ ಊರಿನವರು ಇವತ್ತೂ ಸುಡುವ ಯೋಜನೆಯ ಬಗ್ಗೆ ಇಲಾಖೆಯ ಜೊತೆ ಕೂತು ವಾದ ಮಾಡಬಲ್ಲರು ಅಂತ ನಾನು ನಂಬುತ್ತೇನೆ.

ಇಲ್ಲಿಯ ನಮ್ಮ ಕನ್ನಡಿಗರಿಗೂ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ಇರುವುದು ಟಾರ್ನೀಟ್, ಕ್ರೇಗಿಬರ್ನ್, ವೊಲ್ಲರ್ಟ್, ಪಾಕೆನ್‌ಹ್ಯಾಮ್ ಕಡೆಯ ಹೊಸ ಬಡಾವಣೆಗಳಲ್ಲಿ. ಕಾಡಿಲ್ಲ, ಬೆಟ್ಟ ಇಲ್ಲ, ನಮಗೇನು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಡಾವಣೆಯ ಕೊನೆಯ ಮನೆಯ ಬೇಲಿ ದಾಟಿದರೆ ಇರುವುದೆಲ್ಲ ಒಣ ಹುಲ್ಲು. ಹುಲ್ಲಿನ ಬೆಂಕಿ ಗಂಟೆಗೆ 25 ಕಿಲೋಮೀಟರ್‌ವರೆಗೂ ಓಡುತ್ತದೆ, ಯಾವ ಮನುಷ್ಯನೂ ಅಷ್ಟು ವೇಗವಾಗಿ ದೂರ ಓಡಲಾರ. 2014ರ ಫೆಬ್ರವರಿಯಲ್ಲಿ ಕ್ರೇಗಿಬರ್ನ್ ಪಕ್ಕದ ಮಿಕಲ್‌ಹ್ಯಾಮ್‌ನಲ್ಲಿ ಹುಲ್ಲಿಗೆ ಹತ್ತಿದ ಬೆಂಕಿ ಕಿಲ್ಮೋರ್ ಕಡೆವರೆಗೂ ಹೋಯಿತು. ಸಂಕ್ರಾಂತಿಯ ಹೊತ್ತು ಇಲ್ಲಿ ನಡು ಬೇಸಿಗೆ. ಒಂದು ವರ್ಷ ಬೆಂಕಿ ನಿಷೇಧದ ದಿನ ಅಂತ ನಮ್ಮವರ ಸಂಕ್ರಾಂತಿ ಪಿಕ್ನಿಕ್ ಹಿಂದಿನ ಸಂಜೆ ರದ್ದಾಯಿತು. ಪುಳಿಯೋಗರೆ ಗೊಜ್ಜು ತಯಾರಿದ್ದವರು, ಮಕ್ಕಳಿಗೆ ಆಟದ ಸಾಮಾನು ತಂದವರು ಬೇಜಾರಾದರು. "ಆಕಾಶ ಇಷ್ಟು ನೀಲಿ ಇದೆ, ಎಲ್ಲಿದೆ ಬೆಂಕಿ?" ಅಂದರು ಒಬ್ಬರು. ಬೇಜಾರು ಅರ್ಥ ಆಗುತ್ತದೆ. ಆದರೆ ಇಲ್ಲಿ ನೆಲೆ ನಿಂತ ಮೇಲೆ ಇಲ್ಲಿಯ ನೆಲದ ರೀತಿ ಕಲಿಯಲೇಬೇಕು. ಎಚ್ಚರಿಕೆಯ ಆ್ಯಪ್ ಫೋನಿನಲ್ಲಿ ಇರಲಿ, ಊರಿಂದ ಬಂದ ಅಪ್ಪ ಅಮ್ಮನಿಗೂ ಅದು ಕೂಗಿದರೆ ಏನು ಮಾಡಬೇಕು ಅಂತ ಹೇಳಿಕೊಡಿ. ಹಗಲು ಮನೆಯಲ್ಲಿ ಇರುವವರು ಅವರೇ ಅಲ್ವಾ, ಇಂಗ್ಲಿಷ್ ಎಚ್ಚರಿಕೆ ಅರ್ಥ ಆಗದೇ ಇರುವವರೂ ಅವರೇ.

ಈಗ ಊರಿನ ಕಡೆ. 2019ರ ಫೆಬ್ರವರಿಯ ಬಂಡೀಪುರದ ಬೆಂಕಿ ಎಲ್ಲರಿಗೂ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಪ್ಪಾದ ಗುಡ್ಡಗಳ ಚಿತ್ರ, ಸಾವಿರಾರು ಎಕರೆ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು, ಪತ್ರಿಕೆಗಳಲ್ಲಿ ಅದೇ ಚಿತ್ರ. ಆದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಬೆಂಕಿಯ ಎದುರು ನಿಂತಿದ್ದವರು ಯಾರು? ಫೈರ್ ವಾಚರ್‌ಗಳು, ಗಾರ್ಡ್‌ಗಳು, ಸುತ್ತಲಿನ ಹಾಡಿಗಳ ಜನ, ಬೆಂಗಳೂರು ಮೈಸೂರಿಂದ ಓಡಿ ಬಂದ ನೂರಾರು ಸ್ವಯಂಸೇವಕರು. ಹೆಚ್ಚಿನವರ ಕೈಯಲ್ಲಿ ಇದ್ದಿದ್ದು ಹಸಿ ಸೊಪ್ಪಿನ ಕೊಂಬೆ. ಅದರಿಂದ ಬಡಿದು ಆರಿಸುವುದು. ಬಡಿದ ಕಡೆ ಕೆಂಡ ಹಾರುತ್ತದೆ, ಕಾಲಡಿಯ ನೆಲ ಕಾದಿರುತ್ತದೆ, ಲಂಟಾನ ಪೊದೆಗೆ ಹತ್ತಿದರೆ ಉರಿ ಆಳೆತ್ತರ ಎದ್ದು ಹತ್ತಿರ ಹೋಗಲೂ ಬಿಡುವುದಿಲ್ಲ. 2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಅರಣ್ಯ ರಕ್ಷಕರು ಬೆಂಕಿ ಆರಿಸುತ್ತಲೇ ಸತ್ತರು. 2023ರಲ್ಲಿ ಸಕಲೇಶಪುರ ಕಡೆ ಇನ್ನೊಬ್ಬರು. ಎರಡು ದಿನ ಸುದ್ದಿ ಆಯಿತು. ಅವರಿಗೆ ಎಂಥ ಬಟ್ಟೆ ಕೊಟ್ಟಿದ್ದರು, ಎಷ್ಟು ತರಬೇತಿ ಇತ್ತು, ಗಾಳಿ ತಿರುಗುವುದನ್ನು ಹೇಳಲು ಯಾರಿದ್ದರು ಅಂತ ಜನರ ಮುಂದೆ ವಿಚಾರಣೆ ಆಗಬೇಕಿತ್ತು. ಅದನ್ನ ಕೇಳಬೇಕಾದ ನಾವು ಕೇಳಲಿಲ್ಲ.

ಕಾಡಂಚಿನ ಜನ ಬೆಂಕಿ ಹಚ್ಚುತ್ತಾರಾ? ಕೆಲವರು ಹಚ್ಚುತ್ತಾರೆ. ದನಕ್ಕೆ ಹೊಸ ಹುಲ್ಲು ಚಿಗುರಲಿ ಅಂತ, ದಾರಿ ಕಾಣಲಿ ಅಂತ, ಬೀಡಿ ತುಂಡು ಎಸೆದು, ಕೆಲವು ಸಲ ಸಿಟ್ಟಿನಿಂದ. ಆನೆ ಬಂದು ಒಂದು ರಾತ್ರಿಯಲ್ಲಿ ರಾಗಿ ಹೊಲ ಮುಗಿಸಿದ ಮೇಲೆ ಪರಿಹಾರಕ್ಕೆ ಅಲೆದು ಸಾಕಾದವನಿಗೆ ಆ ಕಾಡಿನ ಮೇಲೆ ಪ್ರೀತಿ ಎಲ್ಲಿಂದ ಬರಬೇಕು? ಹಚ್ಚುವುದು ಸರಿ ಅಂತ ನಾನು ಹೇಳುತ್ತಿಲ್ಲ. ಶಿಕ್ಷೆಯ ಭಯ ಒಂದೇ ಇಟ್ಟುಕೊಂಡು ಬೆಂಕಿ ನಿಲ್ಲಿಸಲು ಆಗಲ್ಲ ಅಂತ ಹೇಳುತ್ತಿದ್ದೇನೆ. ಕಳೆದ ಸಲ ಊರಿಗೆ ಹೋದಾಗ ಭಾವನ ಹತ್ತಿರ ಇದೇ ಮಾತು ಬಂತು. ಅವರ ತೋಟದ ಮೇಲಿನ ಬೆಟ್ಟಕ್ಕೆ ಆಗಾಗ ಬೆಂಕಿ ಬೀಳುತ್ತದೆ. "ಊರವರೆಲ್ಲ ಸೇರಿ ಆರಿಸಬಹುದಲ್ಲ ಭಾವ?" ಅಂದೆ. ಅವರು, "ಅಲ್ಲ ತಮಾ, ಮೊದಲು ಹೋಗ್ತಿದ್ದೆವು. ಈಗ ಬೆಂಕಿ ಹತ್ತಿರ ಯಾರು ಕಾಣ್ತಾರೋ ಅವರನ್ನೇ ಮೊದಲು ಕರೆಸಿ ಕೇಳ್ತಾರೆ. ಆರಿಸೋಕೆ ಹೋದವನಿಗೇ ಸ್ಟೇಷನ್ನು ಅಂದ್ರೆ ಯಾರು ಹೋಗ್ತಾರೆ ಹೇಳು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಸೊಪ್ಪಿನ ಬೆಟ್ಟ ಅಂತ ಇದೆಯಲ್ಲ, ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ರೈತರಿಗೆ ಬಿಟ್ಟ ಕಾಡು. ಬೇಸಿಗೆ ಶುರುವಾಗುತ್ತಿದ್ದಂತೆ ಹೆಂಗಸರು, ಗಂಡಸರು ಬೆಟ್ಟಕ್ಕೆ ಹೋಗಿ ದರಕು ಗುಡಿಸುತ್ತಿದ್ದರು. ದೊಡ್ಡ ದೊಡ್ಡ ಹೆಡಿಗೆಯಲ್ಲಿ ತುಂಬಿ ಹೊತ್ತು ತಂದು ಕೊಟ್ಟಿಗೆಗೆ ಹಾಸುವುದು, ಆಮೇಲೆ ಗೊಬ್ಬರ. ಕರಡ, ಅಂದರೆ ಬೆಟ್ಟದ ಒಣ ಹುಲ್ಲು, ಕೊಯ್ದು ಮಾಡಿಗೆ, ದನಕ್ಕೆ. ಬೆಂಕಿ ತಡೆಯಲಿ ಅಂತ ಯಾರೂ ಮಾಡಿದ್ದಲ್ಲ, ಆದರೆ ಬೆಂಕಿಗೆ ಬೇಕಾದ್ದು ಬೆಟ್ಟದಲ್ಲಿ ಉಳಿಯುತ್ತಿರಲಿಲ್ಲ. ಅಷ್ಟೇ ಅಲ್ಲ, ಬೇಸಿಗೆ ಪೂರ್ತಿ ಬೆಟ್ಟದಲ್ಲಿ ಜನ ಓಡಾಡುತ್ತಿದ್ದರು, ಹೊಗೆ ಎದ್ದರೆ ಗೊತ್ತಾಗುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆ, ಮನೆಯಲ್ಲಿ ವಯಸ್ಸಾದವರು ಮಾತ್ರ, ನಮ್ಮಂಥವರು ಬೆಂಗಳೂರು, ಮೆಲ್ಬರ್ನ್ ಸೇರಿದ್ದೇವೆ. ದರಕು ಮೊಣಕಾಲುದ್ದ ಬಿದ್ದಿರುತ್ತದೆ. ಈ ಬದಲಾವಣೆಯನ್ನು ಬೆಂಕಿಯ ಲೆಕ್ಕದಲ್ಲಿ ಸೇರಿಸಿ ಮಾತಾಡುವವರು ಬೇಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರದ್ದು ಇನ್ನೂ ದೊಡ್ಡ ಕಥೆ. ಅವರಲ್ಲಿ ತರಗು ಬೆಂಕಿ ಅಂತ ಪದ್ಧತಿ ಇತ್ತು. ಬೇಸಿಗೆ ಬಿಸಿ ಏರುವ ಮುಂಚೆ, ಜನವರಿ ಫೆಬ್ರವರಿ ಹೊತ್ತಿಗೆ, ನೆಲದ ತರಗು ಮಾತ್ರ ಸುಡುವಂಥ ಸಣ್ಣ ಬೆಂಕಿ. ಹುಲ್ಲು ಚಿಗುರುತ್ತದೆ, ಪೊದೆ ತಲೆ ಎತ್ತುವುದಿಲ್ಲ, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತುವುದು ಕಡಿಮೆ ಆಗುತ್ತದೆ ಅಂತ ಅವರ ಅನುಭವ. 1970ರ ದಶಕದಲ್ಲಿ ಆ ಬೆಟ್ಟ ಅಭಯಾರಣ್ಯ ಆಯಿತು. 1972ರ ವನ್ಯಜೀವಿ ಕಾಯ್ದೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನೇ ಅಪರಾಧ ಅನ್ನುತ್ತದೆ. ಪೋಡುಗಳು, ಅಂದರೆ ಸೋಲಿಗರ ಹಟ್ಟಿಗಳು, ಜಾಗ ಬದಲಾಯಿಸಿದವು, ತರಗು ಬೆಂಕಿ ನಿಂತಿತು. ಲಂಟಾನ ಕಾಡು ತುಂಬಿತು. ಬೆಂಕಿ ನಿಂತಿದ್ದರಿಂದಲೇ ಲಂಟಾನ ಬಂತು ಅಂತ ಸೋಲಿಗರು ಹೇಳುತ್ತಾರೆ, ವಿಜ್ಞಾನಿಗಳೂ ಈ ಬಗ್ಗೆ ಅಧ್ಯಯನ ಮಾಡಿ ಅವರ ಮಾತಿಗೆ ತೂಕ ಕೊಟ್ಟಿದ್ದಾರೆ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಮೀಸಲು ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಜೇನು, ನೆಲ್ಲಿಕಾಯಿ ತರುವ ಹಕ್ಕು ಬಂತು. ಬೆಂಕಿಯ ವಿಷಯದಲ್ಲಿ ಮಾತ್ರ ಅವರನ್ನು ಕೇಳುವವರಿಲ್ಲ.

ಇಲ್ಲಿ ವಿಕ್ಟೋರಿಯಾದ ಬೆಂಡಿಗೋ ಕಡೆ ಜಾ ಜಾ ವುರಂಗ್ ಅನ್ನುವ ಮೂಲನಿವಾಸಿಗಳಿದ್ದಾರೆ. ಬಿಳಿಯರು ಬಂದ ಮೇಲೆ ಅವರ ಬೆಂಕಿಯ ಪದ್ಧತಿಯನ್ನೂ ನಿಲ್ಲಿಸಿದ್ದರು. 2017ರಲ್ಲಿ ಅವರು ಸರ್ಕಾರದ ಅರಣ್ಯ ಸಿಬ್ಬಂದಿಯ ಜೊತೆ ಸೇರಿ, ತಮ್ಮ ರೀತಿಯಲ್ಲಿ ಮತ್ತೆ ಸುಡಲು ಶುರು ಮಾಡಿದರು. ಜಂಡಾಕ್ ವಿ ಅಂತಾರೆ. ತಣ್ಣನೆಯ, ನಿಧಾನ ಬೆಂಕಿ, ಹುಳ ಹುಪ್ಪಟೆಗೂ ಸರಿದು ಹೋಗಲು ಸಮಯ ಸಿಗುವಂಥದ್ದು. 2019ರಲ್ಲಿ ಇಡೀ ರಾಜ್ಯದ ಮೂಲನಿವಾಸಿಗಳು ಸೇರಿ ಇದಕ್ಕೊಂದು ನೀತಿಯನ್ನೇ ಬರೆದರು. ಎಲ್ಲಾ ಸರಿಹೋಯಿತು ಅಂತಲ್ಲ. ಸುಡುವ ಜಾಗ ಇನ್ನೂ ಸಣ್ಣದು, ಕಾಗದ ಪತ್ರ ಜಾಸ್ತಿ. ಆದರೂ ಅಧಿಕಾರಿಯೊಬ್ಬ ಹಿರಿಯರ ಪಕ್ಕ ನಿಂತು, ಇವತ್ತು ಹುಲ್ಲು ಒಣಗಿದೆಯಾ ಅಂತ ಕೇಳಿ ಕಲಿಯುವುದು ಸಾಧ್ಯ ಅಂತ ತೋರಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಯಾಕಾಗಬಾರದು? ನಾಳೆಯೇ ಕಡ್ಡಿ ಗೀರಿ ಅಂತ ಯಾರೂ ಹೇಳುತ್ತಿಲ್ಲ. ಲಂಟಾನ ತುಂಬಿದ ಕಾಡಿಗೆ ಈಗ ತರಗು ಬೆಂಕಿ ಹಚ್ಚಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, 2019ರ ಬಂಡೀಪುರದ್ದು ಮತ್ತೆ ಆಗುತ್ತದೆ. ಮೊದಲು ಲಂಟಾನ ಕಿತ್ತು ತೆಗೆಯಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದಿಂದ ಕುರ್ಚಿ, ಮೇಜು ಮಾಡಿ ಮಾರುತ್ತಾರೆ. ಸಣ್ಣ ಜಾಗದಲ್ಲಿ, ಇಲಾಖೆ, ಸೋಲಿಗರ ಹಿರಿಯರು, ವಿಜ್ಞಾನಿಗಳು ಮೂವರೂ ಸೇರಿ ಕೆಲವು ವರ್ಷ ಮಾಡಿ ನೋಡಲಿ. ಅದಕ್ಕೆ ಬೇಕಾದ ಹಾಗೆ ನಿಯಮದಲ್ಲಿ ದಾರಿ ಮಾಡಿಕೊಡಲಿ.

ಮಲೆನಾಡಿನಲ್ಲಿ ಹೊಸ ವ್ಯವಸ್ಥೆಯೇನೂ ಬೇಡ. ಗ್ರಾಮ ಅರಣ್ಯ ಸಮಿತಿಗಳು 1990ರ ದಶಕದಿಂದ ಇವೆ. ಡಿಸೆಂಬರ್‌ನಲ್ಲಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಬೋಳು ಮಾಡಿದ ಪಟ್ಟಿ, ಮಾಡುವ ಮುಂಚೆ ಒಂದು ಸಭೆ ಕರೆಯಲಿ. ಯಾವ ಬೆಟ್ಟಕ್ಕೆ ಪ್ರತಿ ವರ್ಷ ಬೆಂಕಿ ಬೀಳುತ್ತದೆ, ಯಾವ ಕಡೆಯಿಂದ ಬರುತ್ತದೆ, ನೀರು ಎಲ್ಲಿ ಸಿಗುತ್ತದೆ ಅನ್ನುವುದು ಗಾರ್ಡ್‌ಗಿಂತ ಚೆನ್ನಾಗಿ ಭಾವನಂಥವರಿಗೆ ಗೊತ್ತು. ಆರಿಸಲು ಬಂದವರ ಮೇಲೆ ಕೇಸಿಲ್ಲ ಅಂತ ವಲಯ ಅರಣ್ಯಾಧಿಕಾರಿ ಆ ಸಭೆಯಲ್ಲಿ ಬಾಯಿಬಿಟ್ಟು ಹೇಳಲಿ, ಬರೆದೂ ಕೊಡಲಿ. ಉಪಗ್ರಹ ಬೆಂಕಿ ಕಂಡ ತಕ್ಷಣ ಭಾರತೀಯ ಅರಣ್ಯ ಸಮೀಕ್ಷೆಯಿಂದ ಫೋನಿಗೆ ಸಂದೇಶ ಬರುವ ವ್ಯವಸ್ಥೆ ಇದೆ. ಅದಕ್ಕೆ ಅಧಿಕಾರಿಗಳೇ ಆಗಬೇಕಿಲ್ಲ, ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಪ್ರತಿ ಕಾಡಂಚಿನ ಊರಿನಲ್ಲಿ ಇಬ್ಬರು ಹುಡುಗರು ನೋಂದಾಯಿಸಿಕೊಂಡರೆ ಎಷ್ಟು ಅನುಕೂಲ.

ಇನ್ನು ಹೊರಗಿರುವ ನಾವು. 2019ರಲ್ಲಿ ಬಂಡೀಪುರ ಉರಿಯುವಾಗ ಜನ ನೀರು, ಊಟ, ಹಣ್ಣು ಕಳಿಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಆದರೆ ದುಡ್ಡು ಬೇಕಾಗುವುದು ನವೆಂಬರ್‌ನಲ್ಲಿ. ಫೈರ್ ವಾಚರ್‌ಗಳು ಬೇಸಿಗೆಯ ಕೆಲವು ತಿಂಗಳಿಗೆ ದಿನಗೂಲಿ ಮೇಲೆ ಬರುವವರು, ಬಹಳ ಸಲ ಚಪ್ಪಲಿಯಲ್ಲೇ ಬೆಂಕಿಗೆ ಇಳಿಯುವವರು. ಅವರಿಗೆ ಗಟ್ಟಿ ಬೂಟು, ಹತ್ತಿಯ ದಪ್ಪ ಅಂಗಿ, ಕೈಗವಸು, ತಲೆಗೆ ಕಟ್ಟುವ ಟಾರ್ಚು, ಬೆನ್ನಿಗೆ ಹಾಕುವ ನೀರಿನ ಪಂಪು ಬೇಕು. ಒಂದು ವಿಮೆ ಬೇಕು. ಇದನ್ನೆಲ್ಲ ಕೊಡುವುದು ಸರ್ಕಾರದ ಜವಾಬ್ದಾರಿ, ಅದನ್ನ ಒತ್ತಾಯ ಮಾಡಿ ಕೇಳೋಣ. ಕೇಳುತ್ತಾ ಇರುವಾಗಲೇ ನಮ್ಮ ನಮ್ಮ ಊರಿನ ವಲಯ ಕಚೇರಿಗೆ ಫೋನ್ ಮಾಡಿ, ಈ ಸಲ ಎಷ್ಟು ಜನ ವಾಚರ್‌ಗಳು, ಯಾವ ಅಳತೆಯ ಬೂಟು ಬೇಕು ಅಂತ ವಿಚಾರಿಸೋಣ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಎತ್ತಿಡಿ ಅಂತ ಈ ವರ್ಷ ಕೇಳುತ್ತಿದ್ದೇನೆ. ಬೇರೆ ಊರುಗಳ ಸಂಘದವರೂ ಯೋಚನೆ ಮಾಡಿ. ಬೂಟುಗಳು ಜನವರಿಗೆ ಮುಂಚೆ ಅವರ ಕೈ ಸೇರಬೇಕು.